ವಿದ್ಯಾರ್ಥಿಗಳ ರೋಮಾಂಚಕ ಚಲಚ್ಚಿತ್ರ: ವೇಷ, ಬೆಳಕು, ಸ್ಥಳಗಳ ವಿಚಾರ

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯೊಂದರ ವಿದ್ಯಾರ್ಥಿಗಳು ಕೂಡಿ ಚಲಚ್ಚಿತ್ರವೊಂದನ್ನು ತೆಗೆಯಲು ಹೊರಟರೆ, ಅದೂ ಭಕ್ತಿಯ ಕಥೆಯಲ್ಲ, ನೀತಿಯ ಕಥೆಯಲ್ಲ, ಕಳವು, ಕೊಲೆ, ಕಣ್ಮರೆಗಳ ಸುತ್ತ ಹೆಣೆದ ರೋಮಾಂಚಕ ಕಥೆಯೆಂದು ತಿಳಿದುಬಂದರೆ, ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. “ಮಠದ ಶಾಲೆಗೂ ಕೊಲೆಯ ಕಥೆಗೂ ಏನು ಸಂಬಂಧ?” ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ಮಕ್ಕಳ ಮನಸ್ಸಿನ ಬಗೆಗಿನ ಕಾಳಜಿಯಿದೆ, ಸಂಸ್ಥೆಯ ಗೌರವದ ಬಗೆಗಿನ ಎಚ್ಚರವಿದೆ. ಆದರೆ ಇದೇ ಬಗೆಯ ಸಂಶಯವನ್ನು ಒಂದು ಕಾಲಕ್ಕೆ ನಾಟಕವೂ ಎದುರಿಸಬೇಕಾಗಿತ್ತೆಂಬುದನ್ನು ಮರೆಯಬಾರದು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದ ಊರುಗಳೇ ರಾತ್ರಿ ಬೆಳಗಾಗುವವರೆಗೆ ಅವರ ಆಟವನ್ನು ನೋಡುತ್ತಿದ್ದವು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಶರಣರ ಹೆಸರನ್ನೇ ತನ್ನ ಹಣೆಯ ಮೇಲೆ ಹೊತ್ತು ನಾಡನ್ನೆಲ್ಲ ಸುತ್ತಿತು. ಗುಬ್ಬಿ ವೀರಣ್ಣನವರು ಅದನ್ನು ಕೀರ್ತಿಶಿಖರಕ್ಕೇರಿಸಿದರು. ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರವನ್ನು ಧರಿಸಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಕೈಮುಗಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ‘ಶಿವಸಂಚಾರ’ವನ್ನು ಕಟ್ಟಿ, ಮಠವೇ ರಂಗಭೂಮಿಯನ್ನು ಪೊರೆಯಬಲ್ಲುದೆಂದು ತೋರಿಸಿಕೊಟ್ಟಿದ್ದಾರೆ. ಹಾಗಿರುವಾಗ ಚಲಚ್ಚಿತ್ರವನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸಲು ಕಾರಣ ಕಾಣದು.

ಇನ್ನೊಂದು ಸಂಗತಿಯೂ ಉಂಟು. ಚಿತ್ರ ತೆಗೆಯುವ ಯಂತ್ರ ಇಂದು ಬಹುತೇಕ ಮನೆಗಳಲ್ಲಿ ದೂರವಾಣಿಯ ರೂಪದಲ್ಲಿ ಕುಳಿತಿದೆ. ಶಾಲೆ ಅನುಮತಿ ಕೊಡಲಿ, ಬಿಡಲಿ, ಹುಡುಗರು ಚಿತ್ರ ತೆಗೆಯುತ್ತಲೇ ಇದ್ದಾರೆ. ಅವರು ಒಲಿಯುವುದು ಹೆಚ್ಚಾಗಿ ಥ್ರಿಲ್ಲರ್ ಎಂದು ಕರೆಯುವ ಈ ಬಗೆಗೇ. ಆದ್ದರಿಂದ ತೆಗೆಯಬೇಕೆ, ಬೇಡವೆ ಎಂಬ ಚರ್ಚೆ ಇಂದು ನಿರರ್ಥಕ. ಎಷ್ಟು ಯೋಚಿಸಿ ತೆಗೆಯುತ್ತಾರೆ ಎಂಬುದೇ ಅಧ್ಯಾಪಕರು ಕೇಳಬೇಕಾದ ಪ್ರಶ್ನೆ. ಈಗ ಸಾಮಾನ್ಯವಾಗಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಶುಕ್ರವಾರ ಕಥೆ ಹೊಳೆಯುತ್ತದೆ. ಭಾನುವಾರ ಚಿತ್ರೀಕರಣ ಆರಂಭವಾಗುತ್ತದೆ. ಅಂದು ಯಾರು ಏನು ತೊಟ್ಟು ಬಂದರೋ ಅದೇ ವೇಷ, ಗೋಡೆಯ ಮೇಲಿನ ಟ್ಯೂಬ್‌ಲೈಟೇ ಬೆಳಕು, ಖಾಲಿ ಇರುವ ತರಗತಿಯೇ ಸ್ಥಳ. ಮುಂದಿನ ಭಾನುವಾರ ಕಥೆಯನ್ನು ಮುಂದುವರಿಸುವಾಗ ನಾಯಕನ ಅಂಗಿಯ ಬಣ್ಣ ಬದಲಾಗಿರುತ್ತದೆ, ಅವನ ಕೂದಲಿಗೆ ಕತ್ತರಿ ಬಿದ್ದಿರುತ್ತದೆ. ನೋಡುವವನಿಗೆ ಭಯವಾಗಬೇಕಾದ ಕಡೆ ನಗು ಬರುತ್ತದೆ.

ರೋಮಾಂಚಕ ಚಿತ್ರದ ಸ್ವಭಾವವೇ ಬೇರೆ. ಸಾಮಾಜಿಕ ಚಿತ್ರದಲ್ಲಿ ಮಾತು ಸೋತರೂ ನಟನೆ ಕೈಹಿಡಿಯಬಹುದು. ಹಾಸ್ಯಚಿತ್ರದಲ್ಲಿ ಎರಡೂ ಸೋತರೂ ಪ್ರೇಕ್ಷಕರು ಕ್ಷಮಿಸಬಹುದು. ರೋಮಾಂಚಕ ಚಿತ್ರವಾದರೋ ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ಒಂದೇ ಲೆಕ್ಕಾಚಾರದ ಮೇಲೆ ನಿಂತಿದೆ. ಆ ಲೆಕ್ಕಾಚಾರದ ಸಾಧನಗಳೇ ವೇಷ, ಬೆಳಕು, ಸ್ಥಳ. ಜರ್ಮನಿಯಲ್ಲಿ 1931ರಲ್ಲಿ ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ ‘ಎಂ’ ಎಂಬ ಚಿತ್ರದಲ್ಲಿ ಮಕ್ಕಳ ಹಂತಕನನ್ನು ಮೊದಲು ಪರಿಚಯಿಸುವುದು ಅವನ ಮುಖವಲ್ಲ, ನೆರಳು. ಅವನನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂದು ಸಾರುವ ಭಿತ್ತಿಪತ್ರದ ಮೇಲೆಯೇ ಆ ನೆರಳು ಬೀಳುತ್ತದೆ. ಕೊಲೆಯನ್ನು ಚಿತ್ರ ತೋರಿಸುವುದೇ ಇಲ್ಲ. ಉರುಳಿಬರುವ ಒಂದು ಚೆಂಡು, ತಂತಿಗೆ ಸಿಕ್ಕಿಕೊಂಡ ಒಂದು ಬಲೂನು ಇಷ್ಟರಿಂದಲೇ ನೋಡುವವನ ಎದೆ ನಡುಗುತ್ತದೆ. ರಕ್ತವನ್ನು ತೋರಿಸದೆ ಭಯವನ್ನು ಹುಟ್ಟಿಸಬಹುದೆಂಬ ಈ ಪಾಠವನ್ನು ಕಲಿಸಬಲ್ಲ ಶಾಲೆ, ಹಿರಿಯರ ಮೂಲ ಆಕ್ಷೇಪಣೆಗೂ ಅರ್ಧ ಉತ್ತರ ಕೊಟ್ಟಂತೆಯೇ.

ವಿಷಯ ಸ್ಪಷ್ಟವಾಗಲೆಂದು ಒಂದು ಕಥೆಯನ್ನು ಊಹಿಸಬಹುದು. ಪ್ರಸಾದ ನಿಲಯದ ಉಗ್ರಾಣದ ಬೀಗದ ಕೈ ಒಂದು ರಾತ್ರಿ ಕಾಣೆಯಾಗುತ್ತದೆ. ಬೆಳಿಗ್ಗೆ ನೋಡಿದರೆ ಬೀಗ ಹಾಕಿದಂತೆಯೇ ಇದೆ, ಒಳಗಿನ ಲೆಕ್ಕದ ಪುಸ್ತಕ ಮಾತ್ರ ಇಲ್ಲ. ಆ ರಾತ್ರಿ ಎಚ್ಚರವಿದ್ದವರು ಮೂವರು: ಓದುತ್ತ ಕುಳಿತಿದ್ದ ಒಬ್ಬ ವಿದ್ಯಾರ್ಥಿ, ಅಡುಗೆಯ ಮನೆಯ ಒಬ್ಬ ಸಹಾಯಕ, ಲೆಕ್ಕ ಬರೆಯುವ ಕಾರಕೂನ. ಹತ್ತು ನಿಮಿಷಗಳ ಚಿತ್ರಕ್ಕೆ ಇಷ್ಟು ಸಾಕು. ಇದರಲ್ಲಿ ಬಂದೂಕಿಲ್ಲ, ಚಾಕುವಿಲ್ಲ. ಆದರೂ ಅನ್ನದ ಲೆಕ್ಕಕ್ಕೆ ಸಂಬಂಧಿಸಿದ್ದಾದ್ದರಿಂದ ಇದು ಸಣ್ಣ ಅಪರಾಧವಲ್ಲ.

ಮೊದಲು ವೇಷದ ವಿಚಾರ. ವಿದ್ಯಾರ್ಥಿಗಳು ವೇಷವೆಂದರೆ ಕೊನೆಯಲ್ಲಿ ಯೋಚಿಸುವ ಅಲಂಕಾರವೆಂದು ತಿಳಿಯುತ್ತಾರೆ. ಪ್ರಸಾದ ನಿಲಯದ ಕಥೆಗಾದರೆ ಎಲ್ಲರೂ ಸಮವಸ್ತ್ರದಲ್ಲಿರುವುದರಿಂದ ಯೋಚಿಸುವುದೇನೂ ಇಲ್ಲವೆಂದೂ ವಾದಿಸಬಹುದು. ವಾಸ್ತವವಾಗಿ ಸಮವಸ್ತ್ರವೇ ರೋಮಾಂಚಕ ಚಿತ್ರಕ್ಕೆ ದೊರೆಯಬಹುದಾದ ದೊಡ್ಡ ವರ. ಬಿಳಿಯ ಅಂಗಿ, ಖಾಕಿ ಚಡ್ಡಿ ತೊಟ್ಟ ಹುಡುಗನೊಬ್ಬ ಕತ್ತಲೆಯ ಕೈಸಾಲೆಯಲ್ಲಿ ಬೆನ್ನು ತಿರುಗಿಸಿ ನಡೆದುಹೋದರೆ ಅವನು ಯಾರು? ಇನ್ನೂರು ಮಂದಿಯಲ್ಲಿ ಯಾರೂ ಆಗಬಹುದು. ಆ ಇನ್ನೂರು ಅಂಗಿಗಳಲ್ಲಿ ಒಂದರ ಕಿಸೆಯ ಮೂಲೆ ಹರಿದಿದೆ, ಅಥವಾ ಮೂರನೆಯ ಗುಂಡಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿದಿದೆ, ಅಥವಾ ತೋಳಿನ ಮೇಲೆ ಶಾಯಿಯ ಕಲೆ ಇದೆ. ಕಥೆಯ ಕೀಲಿ ಅಲ್ಲಿಯೇ ಇದೆ. ಆದರೆ ಆ ಗುಂಡಿಯನ್ನು ಮೂರನೆಯ ದೃಶ್ಯದಲ್ಲಿ ನೋಡುವವನಿಗೆ ಕಾಣಿಸಿ, ಒಂಬತ್ತನೆಯ ದೃಶ್ಯದಲ್ಲಿ ನೆನಪಿಗೆ ಬರುವಂತೆ ಮಾಡಬೇಕಾದರೆ, ಅದನ್ನು ಹೊಲಿಯಬೇಕಾದವರು ಯಾರು, ಯಾವ ದಿನ, ಯಾವ ಬಣ್ಣದ ದಾರದಿಂದ ಎಂದು ಮೊದಲೇ ಬರೆದಿಟ್ಟಿರಬೇಕು.

ಹೀಗೆ ಬರೆದಿಡುವುದಕ್ಕೆ ಎರಡು ಹಾಳೆ ಸಾಕು. ಒಂದು ಕಡೆ ದೃಶ್ಯದ ಸಂಖ್ಯೆ, ಕಥೆಯಲ್ಲಿ ಅದು ಯಾವ ದಿನ, ಯಾವ ಹೊತ್ತು; ಇನ್ನೊಂದು ಕಡೆ ಪ್ರತಿಯೊಂದು ಪಾತ್ರದ ಉಡುಪು, ಪಾದರಕ್ಷೆ, ಕೈಗಡಿಯಾರ, ಕೂದಲಿನ ಸ್ಥಿತಿ. ಚಿತ್ರವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲವಾದ್ದರಿಂದ ಈ ಪಟ್ಟಿಯಿಲ್ಲದೆ ಹೊರಟವರು ತೋಳು ಮಡಿಚಿದ ಅಂಗಿ ಮರುಕ್ಷಣ ಬಿಚ್ಚಿಕೊಂಡಿರುವ ವಿಚಿತ್ರವನ್ನು ಪರದೆಯ ಮೇಲೆ ಕಾಣುತ್ತಾರೆ. ಕೆಸರಾಗುವ, ಹರಿಯುವ, ಕಲೆ ಬೀಳುವ ಉಡುಪು ಇದ್ದರೆ ಅದೇ ಅಳತೆಯವು ಎರಡೋ ಮೂರೋ ಬೇಕು. ಮೊದಲ ಸಲ ಚಿತ್ರಿಕೆ ಕೆಟ್ಟರೆ ಒಗೆದು ಒಣಗಿಸುತ್ತ ಕೂಡಲಾಗದು. ಸಣ್ಣ ಗೆರೆಗಳ, ಒತ್ತಾದ ಚೌಕುಳಿಯ ಬಟ್ಟೆ ಡಿಜಿಟಲ್ ಕ್ಯಾಮೆರಾದಲ್ಲಿ ನೀರಿನ ಅಲೆಯಂತೆ ನಡುಗುತ್ತದೆ. ಅಚ್ಚ ಬಿಳುಪು ಬಿಸಿಲಿನಲ್ಲಿ ಸುಟ್ಟಂತೆ ಕಂಡು ಮುಖವನ್ನು ಕಪ್ಪಾಗಿಸುತ್ತದೆ. ಅದನ್ನು ಚಹಾದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ತೊಂದರೆ ತಪ್ಪುತ್ತದೆ. ರಕ್ತವನ್ನು ತೋರಿಸಲೇಬೇಕಾದರೆ ಬೆಲ್ಲದ ಪಾಕಕ್ಕೆ ಅಡುಗೆಯ ಬಣ್ಣ ಬೆರೆಸಿದರಾಯಿತು. ಇರುವೆಗಳು ಮುತ್ತುವುದೊಂದೇ ಅದರ ಕಷ್ಟ. 1960ರ ‘ಸೈಕೋ’ ಕಪ್ಪು ಬಿಳುಪಿನ ಚಿತ್ರವಾದ್ದರಿಂದ ಹಿಚ್‌ಕಾಕ್‌ನಿಗೆ ಚಾಕೊಲೇಟ್ ಪಾಕವೇ ರಕ್ತವಾಗಿ ಒದಗಿತು.

ಅದೇ ಹಿಚ್‌ಕಾಕ್ 1958ರ ‘ವರ್ಟಿಗೋ’ ಚಿತ್ರದಲ್ಲಿ ನಾಯಕಿ ಕಿಮ್ ನೊವಾಕ್‌ಗೆ ಬೂದು ಬಣ್ಣದ ಉಡುಪನ್ನೇ ತೊಡಿಸಬೇಕೆಂದು ಹಟ ಹಿಡಿದ ಪ್ರಸಂಗ ಚಿತ್ರಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಟಿಗೆ ಆ ಬಣ್ಣ ಒಪ್ಪಿಗೆಯಾಗಿರಲಿಲ್ಲ. ವಸ್ತ್ರವಿನ್ಯಾಸಕಿ ಈಡಿತ್ ಹೆಡ್ ಮಧ್ಯೆ ನಿಂತು ಹೊಲಿಸಿಕೊಟ್ಟರು. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮಂಜಿನೊಳಗಿನಿಂದ ಎದ್ದು ಬಂದಂತೆ ಅವಳು ಕಾಣಬೇಕೆಂಬುದು ನಿರ್ದೇಶಕನ ಅಪೇಕ್ಷೆ. ಕಥೆಯಲ್ಲಿ ಸತ್ತಳೆನ್ನಲಾದ ಆ ಹೆಣ್ಣನ್ನು ಮರಳಿ ಸೃಷ್ಟಿಸಲು ನಾಯಕ ಇನ್ನೊಬ್ಬಳಿಗೆ ಅದೇ ಬೂದು ಉಡುಪನ್ನು ತೊಡಿಸುತ್ತಾನೆ. ಉಡುಪೊಂದು ಕಥೆಯ ಬೆನ್ನೆಲುಬಾಗುವುದೆಂದರೆ ಹೀಗೆ.

ಇಷ್ಟು ಕಸುಬಿನ ಮಾತಾಯಿತು. ವೇಷದಲ್ಲಿ ಇದಕ್ಕಿಂತ ಗಹನವಾದ ಪ್ರಶ್ನೆಯೊಂದು ಅಡಗಿದೆ. ಮಠದ ಶಾಲೆ ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ದುಷ್ಟನ ವೇಷ ಎಲ್ಲಿಂದ ಬರುತ್ತದೆ? ಮುಂಚೆ ನೋಡಿದ ಚಿತ್ರಗಳಿಂದ. ಚೌಕುಳಿ ಲುಂಗಿ, ಕೊರಳಿಗೆ ಕರವಸ್ತ್ರ, ಬೆಳೆದ ಗಡ್ಡ, ಒಂದು ಸಮುದಾಯವನ್ನು ಸೂಚಿಸುವ ಟೊಪ್ಪಿಗೆ, ಮಸಿ ಬಳಿದು ಮತ್ತಷ್ಟು ಕಪ್ಪಾಗಿಸಿದ ಮುಖ. ಮೇಲಿನ ಕಥೆಯನ್ನೇ ತೆಗೆದುಕೊಂಡರೆ, ಮೂವರಲ್ಲಿ ಯಾರ ಮೇಲೆ ಸಂಶಯ ಹುಟ್ಟಿಸಬೇಕೆಂದು ಕೇಳಿದರೆ, ಹತ್ತರಲ್ಲಿ ಎಂಟು ತಂಡಗಳು ಅಡುಗೆಯ ಮನೆಯ ಸಹಾಯಕನ ಕಡೆಗೇ ಬೆರಳು ತೋರಿಸುವುದರಲ್ಲಿ ಸಂದೇಹವಿಲ್ಲ. ಅವನ ಬನಿಯನ್ನು ಕೊಳೆಯಾಗಿದೆ, ಹೆಗಲ ಮೇಲೆ ಹರಕು ಟವೆಲಿದೆ. ಅಷ್ಟೇ ಅವನ ಅಪರಾಧ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕದ ಬಟ್ಟೆಯನ್ನು ನೋಡಿ ಮನುಷ್ಯನನ್ನು ಅಳೆಯಬಾರದೆಂದು ಎದ್ದ ಕೂಗಿನ ವಾರಸುದಾರಿಕೆಯನ್ನು ಹೇಳಿಕೊಳ್ಳುವ ಸಂಸ್ಥೆಯೊಂದರಲ್ಲಿ, ಕೊಳೆಬಟ್ಟೆಯೆಂದರೆ ಕಳ್ಳನೆಂಬ ಸಮೀಕರಣ ವಿದ್ಯಾರ್ಥಿಗಳ ಕೈಯಲ್ಲಿಯೇ ಮರುಹುಟ್ಟು ಪಡೆಯುವುದಾದರೆ, ಪ್ರತಿ ವರ್ಷ ಬಸವ ಜಯಂತಿಯಂದು ನಡೆಯುವ ಭಾಷಣ ಸ್ಪರ್ಧೆಗಳ ಫಲವೇನು?

ಇದು ನೀತಿಯ ಮಾತು ಮಾತ್ರವಲ್ಲ, ಕಲೆಯ ಮಾತೂ ಹೌದು. ದುಷ್ಟನ ವೇಷ ತೊಟ್ಟವನೇ ದುಷ್ಟನಾದರೆ ರೋಮಾಂಚವೆಲ್ಲಿ ಉಳಿಯಿತು? ಹಿಚ್‌ಕಾಕ್‌ನ 1943ರ ‘ಶ್ಯಾಡೋ ಆಫ್ ಎ ಡೌಟ್’ ಚಿತ್ರದ ಕೊಲೆಗಾರ ಒಳ್ಳೆಯ ಸೂಟು ತೊಟ್ಟ, ಮನೆಮಂದಿಗೆಲ್ಲ ಉಡುಗೊರೆ ತರುವ ಪ್ರೀತಿಯ ಸೋದರಮಾವ. ಊಟದ ಮೇಜಿನ ಮುಂದೆ ಅವನು ನಗುತ್ತ ಕುಳಿತಿರುವುದೇ ಆ ಚಿತ್ರದ ಭಯ. ಉಗ್ರಾಣದ ಕಥೆಯಲ್ಲಿಯೂ ಇಸ್ತ್ರಿ ಮಾಡಿದ ಅಂಗಿಯ ಕಾರಕೂನನ ಕಿಸೆಯಲ್ಲಿ ಲೇಖನಿಯ ಪಕ್ಕ ಬೀಗದ ಕೈಯ ತುದಿ ಅರೆಕ್ಷಣ ಕಂಡರೆ ಸಾಕು. ವೇಷದ ಪಟ್ಟಿಯನ್ನು ಪರಿಶೀಲಿಸುವ ಅಧ್ಯಾಪಕರು ಪ್ರತಿಯೊಂದು ಸಾಲಿನ ಎದುರು “ಇವನಿಗೆ ಈ ಬಟ್ಟೆ ಏಕೆ?” ಎಂದು ಕೇಳಬೇಕು. ಉತ್ತರವನ್ನು ವಿದ್ಯಾರ್ಥಿಗಳೇ ಹುಡುಕಲಿ.

ವಿಭೂತಿ, ರುದ್ರಾಕ್ಷಿಗಳ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ತಪ್ಪಿತಸ್ಥ ಕಾರಕೂನನ ಹಣೆಯ ಮೇಲೆ ವಿಭೂತಿ ಇರಬಹುದೆ? ಇರಕೂಡದೆಂದು ಥಟ್ಟನೆ ಹೇಳಿಬಿಡುವುದು ಸುಲಭ. ಆದರೆ ಲಾಂಛನವನ್ನು ಹೊತ್ತು ಒಳಗೆ ಟೊಳ್ಳಾಗಿರುವವರನ್ನು ಶರಣರಷ್ಟು ಕಟುವಾಗಿ ಟೀಕಿಸಿದವರು ವಿರಳ. ಡಾಂಭಿಕನ ಪಾತ್ರವನ್ನು ನಿಷೇಧಿಸುವುದು ಆ ಪರಂಪರೆಗೆ ಒಪ್ಪುವಂತಹದಲ್ಲ. ಇಷ್ಟಲಿಂಗದ ಮಾತು ಬೇರೆ. ಅದು ವೇಷದ ಸಾಮಗ್ರಿಯಲ್ಲ, ಅದನ್ನು ಆ ಪಟ್ಟಿಯಲ್ಲಿ ಬರೆಯಲೇಕೂಡದು. ಉಳಿದುದನ್ನು ಶ್ರೀಗಳೊಡನೆಯೂ ಹಿರಿಯ ಅಧ್ಯಾಪಕರೊಡನೆಯೂ ಕುಳಿತು ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಬೇಕು. ಕ್ಯಾಮೆರಾ ನಿಲ್ಲಿಸಿದ ಮೇಲೆ ಅಂಗಳದಲ್ಲಿ ನಡೆಯುವ ವಾಗ್ವಾದದಿಂದ ಚಿತ್ರವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ.

ವಿದ್ಯಾರ್ಥಿನಿಯರ ಪಾತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಥೆಯಲ್ಲಿ ಹೆಣ್ಣು ಕೇವಲ ಬೆದರುವ, ಓಡುವ, ಸಾಯುವ ಜೀವವಾಗಬಾರದು. ಅವಳ ಉಡುಪನ್ನು ತೊಡುವವಳೇ, ಅಧ್ಯಾಪಕಿಯೊಬ್ಬರ ಸಮ್ಮುಖದಲ್ಲಿ, ಪಾಲಕರ ತಿಳಿವಳಿಕೆಯೊಂದಿಗೆ ನಿರ್ಧರಿಸಬೇಕು. ಉಗ್ರಾಣದ ರಹಸ್ಯವನ್ನು ಭೇದಿಸುವವಳು ಒಬ್ಬ ಹುಡುಗಿಯೇ ಏಕಾಗಬಾರದು?

ಇನ್ನು ಬೆಳಕು. ಕತ್ತಲೆಯ ಚಿತ್ರ ತೆಗೆಯಲು ಬೆಳಕು ಬೇಡವೆಂಬುದು ಹುಡುಗರ ಮೊದಲ ಭ್ರಮೆ. ದೂರವಾಣಿಯ ಕ್ಯಾಮೆರಾ ಬೆಳಕಿಲ್ಲದ ಕಡೆ ತಾನೇ ಸಂವೇದನೆಯನ್ನು ಏರಿಸಿಕೊಂಡು ಕಪ್ಪನ್ನು ಬೂದುಮಾಡಿ, ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳಾಗಿಸುತ್ತದೆ. ಪರದೆಯ ಮೇಲಿನ ಕತ್ತಲೆ ಹುಟ್ಟುವುದು ಬೆಳಕಿನ ಅಭಾವದಿಂದಲ್ಲ; ಒಂದು ಕಡೆ ಗಟ್ಟಿಯಾದ ಬೆಳಕು, ಉಳಿದ ಕಡೆ ಅದರ ತಡೆ, ಇವೆರಡರ ಭೇದದಿಂದ. ಈ ವಿದ್ಯೆಯಲ್ಲಿ ಕನ್ನಡಿಗರು ಯಾರ ಹಿಂದೆಯೂ ಇಲ್ಲ. 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತ ವಿ. ಕೆ. ಮೂರ್ತಿಯವರು ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿಯಾದ ಸ್ಟುಡಿಯೋ ಒಳಗೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವನ್ನು ಕಂಡವರು ಮರೆಯಲಾರರು. ಅದು ದೊಡ್ಡ ದೀಪವಲ್ಲ. ಹೊರಗೆ ಒಂದು ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿ. ಇವುಗಳ ಮೂಲಕ ಬಿಸಿಲನ್ನೇ ಅವರು ಒಳಕ್ಕೆ ಕರೆತಂದರು. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲ ಬಾರಿಗೆ ದೊರೆತುದು ಅವರಿಗೇ. ಎರಡು ಕನ್ನಡಿಗಳು ಯಾವ ಪ್ರಸಾದ ನಿಲಯದಲ್ಲಿಲ್ಲ?

ಬಂಗಾಳದ ಸುಬ್ರತ ಮಿತ್ರರ ಉಪಾಯವೂ ಅಷ್ಟೇ ಸರಳ. ಸತ್ಯಜಿತ್ ರಾಯರ ‘ಅಪರಾಜಿತೊ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದ್ದರು. ಆಕಾಶದಿಂದ ಇಳಿಯುವ ಮೆದು ಬೆಳಕನ್ನು ಅಲ್ಲಿ ತರುವುದು ಹೇಗೆ? ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ನಟರ ಕಡೆಗಲ್ಲದೆ ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ತಗುಲಿ ಮರಳಿ ಬಂದ ಬೆಳಕಿನಲ್ಲಿ ಒಂದು ಗಡುಸು ನೆರಳೂ ಇರಲಿಲ್ಲ. ಇದು 1956ರ ಚಿತ್ರ. ಒಗೆದ ಒಂದು ಪಂಚೆಯಿಂದ, ಗೋಡೆಗೆ ಒರಗಿಸಿದ ಥರ್ಮೋಕೋಲ್ ಹಲಗೆಯಿಂದ ಇಂದಿನ ವಿದ್ಯಾರ್ಥಿಯೂ ಅದನ್ನು ಸಾಧಿಸಬಹುದು. ಬೆಳಕನ್ನು ತಡೆಯಲು ಕಪ್ಪು ಕಂಬಳಿಗಿಂತ ಉತ್ತಮವಾದ ವಸ್ತು ಪೇಟೆಯಲ್ಲಿ ಸಿಗದು. ಹಿಚ್‌ಕಾಕ್ 1941ರ ‘ಸಸ್ಪಿಶನ್’ ಚಿತ್ರದಲ್ಲಿ ಗಂಡ ಹೆಂಡತಿಗೆಂದು ಮೆಟ್ಟಿಲೇರಿ ತರುವ ಹಾಲಿನ ಲೋಟದೊಳಗೆ ಸಣ್ಣ ದೀಪವನ್ನು ಅಡಗಿಸಿದ್ದನು. ಕತ್ತಲೆಯಲ್ಲಿ ಆ ಹಾಲು ಮಾತ್ರ ಹೊಳೆಯುತ್ತದೆ. ಅದರಲ್ಲಿ ವಿಷವಿದೆಯೇ ಎಂದು ಪ್ರೇಕ್ಷಕ ಉಸಿರು ಬಿಗಿಹಿಡಿಯುತ್ತಾನೆ.

ಕೆಲವು ವಿವರಗಳನ್ನು ಭೌತಶಾಸ್ತ್ರದ ಅಧ್ಯಾಪಕರೇ ತರಗತಿಯಲ್ಲಿ ವಿವರಿಸಬಹುದು. ಭಾರತದ ವಿದ್ಯುತ್ತು ಕ್ಷಣಕ್ಕೆ 50 ಆವರ್ತನಗಳದ್ದಾದ್ದರಿಂದ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಕ್ಷಣಕ್ಕೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಕ್ಯಾಮೆರಾದಲ್ಲಿ ಕಪ್ಪು ಪಟ್ಟೆಗಳಾಗಿ ಓಡುತ್ತದೆ. ಷಟರಿನ ವೇಗವನ್ನು ಐವತ್ತನೆಯ ಅಥವಾ ನೂರನೆಯ ಒಂದು ಕ್ಷಣಕ್ಕೆ ಕಟ್ಟಿಹಾಕಿದರೆ ಅದು ಅಡಗುತ್ತದೆ. ಹಳೆಯ ತಂತಿ ಬಲ್ಬಿನ ಬೆಳಕು ಹಳದಿ, ಹಗಲಿನ ಬೆಳಕು ನೀಲಿಯ ಕಡೆಗಿನದು. ಕಿಟಕಿಯ ಬೆಳಕಿಗೂ ಬಲ್ಬಿಗೂ ನಡುವೆ ನಿಂತವನ ಮುಖ ಎರಡು ಬಣ್ಣವಾಗುತ್ತದೆ. ಕೆಲವೊಮ್ಮೆ ಅದೇ ಬೇಕಾಗಬಹುದು, ಆದರೆ ತಿಳಿದು ಮಾಡಿದ್ದಾಗಿರಬೇಕು. ಹೊರಾಂಗಣದ ರಾತ್ರಿಯ ದೃಶ್ಯಗಳನ್ನು ನಡುರಾತ್ರಿಯಲ್ಲಿ ತೆಗೆಯುವ ಅಗತ್ಯವೇ ಇಲ್ಲ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷಗಳಲ್ಲಿ ಆಕಾಶ ಇನ್ನೂ ನೀಲಿಯಾಗಿರುತ್ತದೆ, ಕೋಣೆಗಳ ದೀಪ ಹೊತ್ತಿರುತ್ತದೆ. ಪರದೆಯ ಮೇಲೆ ಅದು ರಾತ್ರಿಯಾಗಿಯೇ ಕಾಣುತ್ತದೆ. ಇಪ್ಪತ್ತೇ ನಿಮಿಷವಾದ್ದರಿಂದ ಎಲ್ಲರೂ ಅದಕ್ಕೆ ಒಂದು ಗಂಟೆ ಮುಂಚೆ ವೇಷ ತೊಟ್ಟು, ಮಾತು ಬಾಯಿಪಾಠ ಮಾಡಿ, ನಿಲ್ಲುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಸಿದ್ಧರಿರಬೇಕು. ಶಿಸ್ತನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗುರು ದೊರೆಯುವುದು ಕಷ್ಟ.

ಮುಖದ ಬಣ್ಣದ ವಿಚಾರವನ್ನು ಇಲ್ಲಿ ಮತ್ತೊಮ್ಮೆ ಎತ್ತಬೇಕಾಗಿದೆ. ಕಪ್ಪು ಮೈಬಣ್ಣದ ಹುಡುಗನನ್ನು ಚಿತ್ರಿಸುವಾಗ ಅವನ ಮುಖಕ್ಕೆ ಪೌಡರು ಮೆತ್ತುವುದು, ಅಥವಾ ನೇರವಾಗಿ ಮುಂದಿನಿಂದ ದೀಪ ಹಿಡಿಯುವುದು, ಎರಡೂ ತಪ್ಪು. ಓರೆಯಿಂದ ಬರುವ, ದೊಡ್ಡ ಬಿಳಿಬಟ್ಟೆಗೆ ತಗುಲಿ ಮೆದುವಾದ ಬೆಳಕು ಆ ಮುಖದ ಹೊಳಪನ್ನೇ ಎತ್ತಿ ತೋರಿಸುತ್ತದೆ. ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಹುಡುಗನನ್ನು ಹಿಂದಕ್ಕೆ ಸರಿಸುವ ತಂಡ, ತನ್ನ ಬೆಳಕಿನ ಅಜ್ಞಾನವನ್ನು ಅವನ ಮೈಬಣ್ಣದ ಮೇಲೆ ಹೊರಿಸುತ್ತಿದೆ.

ವಿದ್ಯುತ್ತಿನ ಎಚ್ಚರವನ್ನು ಹೇಳದೆ ಈ ಭಾಗವನ್ನು ಮುಗಿಸುವಂತಿಲ್ಲ. ಹ್ಯಾಲೊಜನ್ ದೀಪ ಬಟ್ಟೆಯನ್ನು ಸುಡಬಲ್ಲದು. ನೆಲ ಒದ್ದೆಯಿದ್ದ ಕಡೆ ತಂತಿ ಎಳೆಯಕೂಡದು. ಬರಿಯ ತಂತಿಯನ್ನು ಪ್ಲಗ್ಗಿನ ತೂತಿಗೆ ಸಿಕ್ಕಿಸಿ ಕಡ್ಡಿ ಚುಚ್ಚುವ ಸಾಹಸ ಕೂಡದು. ಈ ಕೆಲಸ ಬಲ್ಲ ಹಿರಿಯರೊಬ್ಬರು ಸ್ಥಳದಲ್ಲಿ ಇಲ್ಲದ ದಿನ ದೀಪ ಹೊತ್ತಿಸುವುದೇ ಬೇಡ.

ಸ್ಥಳದ ಆಯ್ಕೆಗೆ ಬಂದರೆ, ಹುಡುಗರ ಕಣ್ಣು ಮೊದಲು ಹೋಗುವುದು ಊರಾಚೆಯ ಪಾಳುಬಾವಿ, ಕಲ್ಲುಗಣಿ, ರೈಲುಹಳಿ, ಕೆರೆಯ ಕೋಡಿಗಳಿಗೆ. ಇವುಗಳಲ್ಲಿ ಒಂದಕ್ಕೂ ಶಾಲೆ ಒಪ್ಪಿಗೆ ಕೊಡಕೂಡದು. ಒಂದು ಚಿತ್ರಕ್ಕಾಗಿ ಒಂದು ಮಗುವನ್ನು ಅಪಾಯಕ್ಕೊಡ್ಡುವ ಹಕ್ಕು ಯಾರಿಗೂ ಇಲ್ಲ. ರೈಲ್ವೆಯ ಜಾಗಕ್ಕೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಕ್ಕೂ ಅನುಮತಿ ಬೇಕೆಂಬುದು ಪ್ರತ್ಯೇಕ ಮಾತು. ಆಟಿಕೆಯ ಬಂದೂಕನ್ನು ಹಿಡಿದು ಬೀದಿಯಲ್ಲಿ ಓಡುವ ದೃಶ್ಯವಿದ್ದರೆ ಮೊದಲು ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಬೇಕು. ದೂರದಿಂದ ನೋಡುವವನಿಗೆ ಅದು ಆಟಿಕೆಯೆಂದು ಗೊತ್ತಾಗುವುದು ಹೇಗೆ?

ಹೊರಗೆ ಅಲೆಯುವ ಅವಶ್ಯಕತೆಯೂ ಇಲ್ಲ. ‘ರಿಯರ್ ವಿಂಡೋ’ (1954) ಚಿತ್ರ ಬಹುಮಟ್ಟಿಗೆ ಒಂದು ಕೋಣೆ, ಅದರ ಕಿಟಕಿಯಿಂದ ಕಾಣುವ ಒಂದು ಹಿತ್ತಿಲ ಅಂಗಳ ಇಷ್ಟರಲ್ಲೇ ಮುಗಿಯುತ್ತದೆ. ಕಾಲು ಮುರಿದು ಕುಳಿತವನೊಬ್ಬ ಎದುರುಮನೆಯನ್ನು ನೋಡುತ್ತಾನೆ, ನೋಡಬಾರದ್ದನ್ನು ಕಾಣುತ್ತಾನೆ. ಕನ್ನಡದಲ್ಲಿ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಕೆಲವೇ ಪಾತ್ರಗಳಿಂದ ಕುತೂಹಲವನ್ನು ಕಟ್ಟಿದ ಚಿತ್ರ. ಪವನ್ ಕುಮಾರರ ‘ಯು ಟರ್ನ್’ (2016) ಚಿತ್ರದ ಬೀಜ ಬೆಂಗಳೂರಿನ ಮೇಲುಸೇತುವೆಯೊಂದರ ಮೇಲೆ ರಸ್ತೆವಿಭಜಕದ ಕಲ್ಲುಗಳನ್ನು ಸರಿಸಿ ತಿರುಗಿಕೊಳ್ಳುವ ಸವಾರರ ಅವಿವೇಕದಲ್ಲಿದೆ. ನಿತ್ಯ ಕಾಣುವ ಸ್ಥಳವೇ ಅಲ್ಲಿ ಕಥೆಯನ್ನು ಹೆತ್ತಿದೆ. ಮಠದ ಆವರಣದಲ್ಲಿಯೂ ಅಂಥ ಸ್ಥಳಗಳಿಗೆ ಬರವಿಲ್ಲ: ಉದ್ದನೆಯ ಕೈಸಾಲೆ, ಜೋಳದ ಚೀಲಗಳು ಸೂರಿನವರೆಗೆ ಪೇರಿಸಿದ ಉಗ್ರಾಣ, ಮಧ್ಯಾಹ್ನದ ಗದ್ದಲ ಕಳೆದು ಬಿಕೋ ಎನ್ನುವ ದಾಸೋಹ ಮಂಟಪ, ಬೀರುಗಳ ನಡುವೆ ಒಬ್ಬನೇ ಹೋಗಬಹುದಾದ ಹಳೆಯ ಗ್ರಂಥಾಲಯ. ನಿತ್ಯ ಸಾವಿರ ಮಂದಿ ಉಣ್ಣುವ ಮಂಟಪ ಖಾಲಿಯಾಗಿರುವಾಗ, ಒಂದೇ ಒಂದು ತಟ್ಟೆ ನೆಲದ ಮೇಲೆ ಉಳಿದಿದ್ದರೆ ಅದಕ್ಕಿಂತ ಹೆಚ್ಚಿನ ಭಯದ ಚಿತ್ರ ಯಾವುದಿದೆ?

ಹಾಗೆಂದು ಆವರಣವೆಲ್ಲ ಚಿತ್ರೀಕರಣಕ್ಕೆ ತೆರೆದಿದೆಯೆಂದಲ್ಲ. ಗದ್ದುಗೆಯ ಪರಿಸರ, ಪೂಜೆಯ ಕೋಣೆ ಇವು ಪಟ್ಟಿಗೆ ಸೇರವು. ಪ್ರಸಾದದ ವೇಳೆಗೆ ಮಂಟಪವನ್ನು ಬಿಟ್ಟುಕೊಡಲೇಬೇಕು. ಹಸಿದ ಮಗು ಚಿತ್ರ ಮುಗಿಯಲೆಂದು ಕಾಯಬಾರದು. ಉಳಿದ ಕಡೆ ಸ್ಥಳವನ್ನು ಚಿತ್ರೀಕರಣದ ಹೊತ್ತಿಗೇ ಮುಂಚೆ ಒಮ್ಮೆ ಹೋಗಿ ನೋಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ನಿಶ್ಶಬ್ದವಾಗಿದ್ದ ಕೋಣೆಯ ಗೋಡೆಯಾಚೆ ಹತ್ತಕ್ಕೆ ಹಿಟ್ಟಿನ ಗಿರಣಿ ಆರಂಭವಾಗಬಹುದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮನಾಗಿರುತ್ತದೆ, ದಕ್ಷಿಣದ ಕಿಟಕಿಯ ಬಿಸಿಲಿನ ಚೌಕ ಗಂಟೆಗೊಮ್ಮೆ ನೆಲದ ಮೇಲೆ ಸ್ಥಾನ ಬದಲಿಸುತ್ತದೆ. ದಿಕ್ಕನ್ನು ಗುರುತಿಸಿದ ಒಂದು ನಕ್ಷೆ, ಎಲ್ಲೆಲ್ಲಿ ಪ್ಲಗ್ಗು ಇದೆ, ಎಲ್ಲಿಂದ ಜನ ಹಾಯುತ್ತಾರೆ ಎಂಬ ಟಿಪ್ಪಣಿ, ಬೇರೆ ಬೇರೆ ಹೊತ್ತಿನ ನಾಲ್ಕಾರು ಛಾಯಾಚಿತ್ರ ಇದ್ದರೆ ಕೆಲಸ ಅರ್ಧ ಮುಗಿದಂತೆ. ಕ್ಯಾರಲ್ ರೀಡ್‌ನ ‘ದಿ ಥರ್ಡ್ ಮ್ಯಾನ್’ (1949) ಚಿತ್ರದಲ್ಲಿ ವಿಯೆನ್ನಾದ ಒದ್ದೆ ಕಲ್ಲುಬೀದಿಗಳು ದೀಪದ ಬೆಳಕಿನಲ್ಲಿ ಹೊಳೆಯುವುದನ್ನು ಕಂಡ ಹುಡುಗರು ತಾವೂ ಬೀದಿಗೆ ನೀರು ಚಿಮುಕಿಸಬೇಕೆನ್ನುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಲ್ಲುವ ಬಯಲುಸೀಮೆಯ ಊರಿನಲ್ಲಿ ಅದು ಅನ್ಯಾಯ. ಮೊದಲ ಮಳೆ ಬಿದ್ದ ಸಂಜೆಗಾಗಿ ಕಾಯಲಿ.

ಊರಿನೊಳಗೆ ಚಿತ್ರೀಕರಿಸುವಾಗ ವೇಷದ ಪ್ರಶ್ನೆಯೇ ಸ್ಥಳದ ರೂಪದಲ್ಲಿ ಮರಳುತ್ತದೆ. ಕಳ್ಳರ ಅಡ್ಡೆಯೆಂದರೆ ಯಾವುದೋ ಒಂದು ಕೇರಿಯನ್ನೇ ತೋರಿಸುವ ಚಾಳಿ ದೊಡ್ಡ ಚಿತ್ರಗಳಲ್ಲಿಯೂ ಇದೆ. ಆ ಕೇರಿಯ ಮಗು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತಿದೆ. ವಾರ್ಷಿಕೋತ್ಸವದಂದು ತನ್ನ ಮನೆಯ ಓಣಿಯನ್ನು ಪರದೆಯ ಮೇಲೆ ಅಪರಾಧಿಗಳ ಗೂಡಾಗಿ ಅದು ಕಾಣಬೇಕೆ?

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಮಾತು ಇಷ್ಟೇ. ಬೆಲೆಬಾಳುವ ಕ್ಯಾಮೆರಾವನ್ನು ಕೊಡಿಸಿ ಅದರ ಮೇಲೆ ಹೆಸರು ಬರೆಸುವ ಉತ್ಸಾಹವನ್ನು ಸ್ವಲ್ಪ ತಡೆಹಿಡಿದರೆ ಒಳ್ಳೆಯದು. ಅಂಥ ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗಿ ಮುಖ್ಯೋಪಾಧ್ಯಾಯರ ಬೀರುವನ್ನು ಸೇರುತ್ತವೆ. ಅದಕ್ಕೆ ಬದಲಾಗಿ ಬಟ್ಟೆ ಅಂಗಡಿಯವರು ಒಂದೇ ಅಳತೆಯ ಮೂರು ಅಂಗಿಗಳನ್ನು ಕೊಡಬಹುದು, ಅಕ್ಕಿ ಗಿರಣಿಯವರು ಒಂದು ಭಾನುವಾರ ತಮ್ಮ ಗೋದಾಮನ್ನು ತೆರೆದಿಡಬಹುದು. ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಸಂಜೆ ಬಂದು ತಂತಿಗಳ ಮೇಲೆ ಕಣ್ಣಿಟ್ಟರೆ ಅದಕ್ಕಿಂತ ಮಿಗಿಲಾದ ದಾಸೋಹವಿಲ್ಲ. ಅಧ್ಯಾಪಕರು ಮಾಡಬೇಕಾದುದೂ ಹೆಚ್ಚಿಲ್ಲ. ಮುಗಿದ ಚಿತ್ರಕ್ಕೆ ಬಹುಮಾನ ಕೊಡುವಾಗ ಯೋಜನೆಯ ಪುಸ್ತಕಕ್ಕೂ ಬಹುಮಾನದ ಅರ್ಧವನ್ನು ಮೀಸಲಿಡಬೇಕು. ಮೂರು ವಾರ ಯೋಜನೆ, ಎರಡು ದಿನ ಚಿತ್ರೀಕರಣ ಎಂಬ ನಿಯಮವನ್ನು ಮಾಡಿ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆಯೇ ಅದಕ್ಕೆ ದಿನ ಗೊತ್ತುಪಡಿಸಬೇಕು.

ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಎರವಲು ತಂದ ವಸ್ತುಗಳ ಯಾದಿ ಇರತಕ್ಕದ್ದು. ಪ್ರಸಾದ ನಿಲಯದ ಅನೇಕ ಹುಡುಗರಿಗೆ ಇರುವುದೇ ಎರಡು ಜೊತೆ ಬಟ್ಟೆ. ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ಅಂಗಿ ಬೆಲ್ಲದ ಪಾಕದ ಕಲೆಯೊಂದಿಗೆ ಮೂಲೆಯಲ್ಲಿ ಬಿದ್ದಿದ್ದರೆ, ಸೋಮವಾರದ ಪ್ರಾರ್ಥನೆಗೆ ಅವನು ಏನು ತೊಟ್ಟು ನಿಲ್ಲಬೇಕು? ಅಂಗಿಗಳನ್ನು ಒಗೆದು, ಬೇರೆ ಬಣ್ಣದ ದಾರದ ಗುಂಡಿಯನ್ನು ಬಿಚ್ಚಿ ಮೊದಲಿನಂತೆ ಹೊಲಿದು, ಕನ್ನಡಿ, ಕಂಬಳಿ, ಪಂಚೆಗಳನ್ನು ಅವರವರಿಗೆ ಒಪ್ಪಿಸಿ, ಕೈಸಾಲೆಯ ಸೀಮೆಸುಣ್ಣದ ಗುರುತುಗಳನ್ನು ಒರೆಸಿ, ಉಗ್ರಾಣದ ನಿಜವಾದ ಬೀಗದ ಕೈಯನ್ನು ಕಾರಕೂನರ ಕೈಗೆ ಕೊಟ್ಟು ಯಾದಿಯಲ್ಲಿ ಸಹಿ ಪಡೆದ ಮೇಲೆಯೇ ತಂಡವು ಸಂಕಲನದ ಕೆಲಸಕ್ಕೆ ಕುಳಿತುಕೊಳ್ಳಲಿ.